ಲೇಸರ್ ಡಯೋಡಿಗೆ ಕರೆಂಟ್ ಅಳೆದು ಕೊಡುವ ಸರ್ಕ್ಯೂಟ್

(ಕಾಸರಗೋಡಿನಲ್ಲಿ ವಿಜ್ಞಾನ ಅಧ್ಯಾಪಕರು ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಹಲಗೆಯ ಮೇಲೆ ಮಾಡಿದ ಲೆಕ್ಕಗಳನ್ನು ಮಾತಿನೊಳಗೇ ಸೇರಿಸಿಕೊಳ್ಳಲಾಗಿದೆ.)

ನಿಮ್ಮ ಶಾಲೆಯ ಲ್ಯಾಬಿನಲ್ಲಿ ಹಿತ್ತಾಳೆ ಕೊಳವೆಯ ಪುಟ್ಟ ಕೆಂಪು ಲೇಸರ್ ಮಾಡ್ಯೂಲ್ ಇದ್ದರೆ ಅದರ ಹಿಂಭಾಗವನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಿ. ಎರಡು ವಯರು, ಉಗುರಿಗಿಂತ ಚಿಕ್ಕ ಒಂದು ಪಿಸಿಬಿ, ಅದರ ಮೇಲೆ ಹಲವು ಸಲ ಒಂದೇ ಒಂದು ರೆಸಿಸ್ಟರು. ಮೇಲೆ 910 ಎಂದು ಅಚ್ಚಾಗಿರುತ್ತದೆ, ಅಂದರೆ 91 ಓಮ್. ಡ್ರೈವರ್, ಅಂದರೆ ಡಯೋಡಿಗೆ ಕರೆಂಟ್ ಅಳೆದು ಕೊಡುವ ಸರ್ಕ್ಯೂಟ್, ಎನ್ನುವುದು ಅಷ್ಟೇ. 5 ವೋಲ್ಟ್ ಕೊಟ್ಟರೆ ಡಯೋಡು ತನ್ನ ಪಾಲಿಗೆ 2.2 ವೋಲ್ಟ್ ಹಿಡಿದುಕೊಳ್ಳುತ್ತದೆ, ಉಳಿದ 2.8 ವೋಲ್ಟ್ ರೆಸಿಸ್ಟರಿನ ಮೇಲೆ ಬೀಳುತ್ತದೆ, 2.8 ಭಾಗಿಸು 91, ಸುಮಾರು 31 ಮಿಲಿಆಂಪ್.

ಹಾಗಿದ್ದರೆ ದೊಡ್ಡ ಸರ್ಕ್ಯೂಟ್ ಯಾಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೊಬೈಲ್ ಚಾರ್ಜರಿನ 5 ವೋಲ್ಟ್ ಯಾವಾಗಲೂ 5 ಆಗಿರುವುದಿಲ್ಲ. 4.75 ಇದ್ದರೆ ಇದೇ ರೆಸಿಸ್ಟರಿನಲ್ಲಿ 28 ಮಿಲಿಆಂಪ್ ಹರಿಯುತ್ತದೆ, 5.25 ಇದ್ದರೆ 33.5. ಐದೂವರೆ ಮಿಲಿಆಂಪ್ ವ್ಯತ್ಯಾಸ. ಎಲ್‌ಇಡಿಗಾದರೆ ಅದು ಲೆಕ್ಕಕ್ಕೇ ಇಲ್ಲ. ಲೇಸರ್ ಡಯೋಡಿಗೆ ಲೆಕ್ಕಕ್ಕಿದೆ. ಯಾಕೆ ಅನ್ನುವುದನ್ನು ಮೊದಲು ನೋಡೋಣ. ಅದು ಮನಸ್ಸಿಗೆ ಹಿಡಿದರೆ ಸರ್ಕ್ಯೂಟಿನ ಒಂದೊಂದು ಭಾಗ ಯಾಕಿದೆ ಎಂಬುದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

650 ನ್ಯಾನೋಮೀಟರಿನ, 5 ಮಿಲಿವಾಟಿನ ಸಾಮಾನ್ಯ ಕೆಂಪು ಡಯೋಡನ್ನೇ ಮಾದರಿಗೆ ಇಟ್ಟುಕೊಳ್ಳೋಣ. ಸೊನ್ನೆಯಿಂದ ಕರೆಂಟ್ ಏರಿಸುತ್ತಾ ಹೋದರೆ ಮೊದಲಿಗೆ ಅದು ಮಂಕಾದ ಎಲ್‌ಇಡಿಯಂತೆ ಬೆಳಗುತ್ತದೆ. 20 ಮಿಲಿಆಂಪ್ ಹತ್ತಿರ ಬಂದಾಗ ಒಮ್ಮೆಲೇ ಸ್ವಭಾವ ಬದಲಾಗಿ ಲೇಸರ್ ಆಗುತ್ತದೆ. ಇದೇ ಹೊಸ್ತಿಲು ಕರೆಂಟ್. ಅಲ್ಲಿಂದ ಮುಂದೆ ಪ್ರತಿ ಮಿಲಿಆಂಪಿಗೆ ಸುಮಾರು ಅರ್ಧ ಮಿಲಿವಾಟ್ ಬೆಳಕು ಹೆಚ್ಚುತ್ತದೆ. ಅಂದರೆ 30 ಮಿಲಿಆಂಪಿನಲ್ಲಿ 5 ಮಿಲಿವಾಟ್. 28ರಲ್ಲಿ 4, 33.5ರಲ್ಲಿ 6.75. ಆಗಲೇ ಕಂಪೆನಿ ಬರೆದುಕೊಟ್ಟ ಮಿತಿ ದಾಟಿಯಾಯಿತು.

ಇನ್ನು ರೆಸಿಸ್ಟರನ್ನೂ ಬಿಟ್ಟು, ವೋಲ್ಟೇಜನ್ನೇ ಸರಿಯಾಗಿ 2.2ಕ್ಕೆ ಹೊಂದಿಸಿ ನೇರವಾಗಿ ಕೊಟ್ಟರೆ? ಬೇಡ. ಹೊತ್ತಿಕೊಂಡ ಡಯೋಡಿನ ಒಳಗಿನ ಪ್ರತಿರೋಧ ಕೆಲವೇ ಓಮ್. 5 ಓಮ್ ಎಂದಿಟ್ಟುಕೊಂಡರೆ ವೋಲ್ಟೇಜು 0.1 ಏರಿದಾಗ ಕರೆಂಟ್ 20 ಮಿಲಿಆಂಪ್ ಏರುತ್ತದೆ, 30 ಇದ್ದದ್ದು 50 ಆಗುತ್ತದೆ. ಅದರ ಮೇಲೆ, ಡಯೋಡು ಬಿಸಿಯಾದಂತೆ ಅದಕ್ಕೆ ಬೇಕಾದ ವೋಲ್ಟೇಜು ಇಳಿಯುತ್ತದೆ. ಅದೇ 2.2 ವೋಲ್ಟಿಗೆ ಹೆಚ್ಚು ಕರೆಂಟ್, ಹೆಚ್ಚು ಕರೆಂಟಿಗೆ ಹೆಚ್ಚು ಬಿಸಿ, ಹೀಗೆ ಸುತ್ತು ಹೊಡೆಯುತ್ತದೆ.

ಮಿತಿ ದಾಟಿದರೆ ಏನಾಗುತ್ತದೆ? ಬೆಳಕು ಹೊರಬರುವ ಮುಖ ತೀರಾ ಸಣ್ಣದು. 1 ಮೈಕ್ರಾನ್ ಎತ್ತರ, 4 ಮೈಕ್ರಾನ್ ಅಗಲ ಎಂದು ಹಿಡಿಯಿರಿ. ಅಷ್ಟರಿಂದ 5 ಮಿಲಿವಾಟ್ ಹೊರಡುತ್ತದೆ. ಚದರ ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ 125 ಕಿಲೋವಾಟ್. ಬೆಳಕು ಇನ್ನೂ ಹೆಚ್ಚಾದರೆ ಆ ಮುಖವೇ ಬೆಳಕನ್ನು ಹೀರಿ ಕರಗುತ್ತದೆ. ಇದಕ್ಕೆ ಮೈಕ್ರೋಸೆಕೆಂಡಿಗಿಂತ ಕಡಿಮೆ ಹೊತ್ತು ಸಾಕು. ಡಯೋಡಿನ ಲೋಹದ ಕವಚ ಮುಟ್ಟಿ ನೋಡಿದರೆ ತಣ್ಣಗೇ ಇರುತ್ತದೆ. ಸುಟ್ಟ ವಾಸನೆ ಇಲ್ಲ, ಹೊಗೆ ಇಲ್ಲ. ಮೀಟರಿನಲ್ಲಿ ನೋಡಿದರೆ ಅದೇ 30 ಮಿಲಿಆಂಪ್, ಅದೇ ಎರಡೂ ಚಿಲ್ಲರೆ ವೋಲ್ಟ್. ಆದರೆ ಗೋಡೆಯ ಮೇಲೆ ಚುಕ್ಕೆಯ ಬದಲು ಮಂಕು ಕೆಂಪು ಮಸುಕು ಮಾತ್ರ. ಲೇಸರ್ ಡಯೋಡು ಹೋಗಿ ಎಲ್‌ಇಡಿ ಉಳಿದಿದೆ ಎಂದು ತಿಳಿಯಿರಿ. ಅದನ್ನು ಸರಿಮಾಡುವ ದಾರಿ ಇಲ್ಲ.

ಹಾಗಾಗಿ ಈ ಹೊತ್ತು ನಾನು ಹೇಳಬೇಕಾದದ್ದು ಇದು: 30 ಮಿಲಿಆಂಪ್ ಕೊಡುವುದು ಡ್ರೈವರಿನ ಅರ್ಧ ಕೆಲಸವೂ ಅಲ್ಲ. ಸ್ವಿಚ್ಚು ಹಾಕುವಾಗ, ತೆಗೆಯುವಾಗ, ವಯರು ಲೂಸಾದಾಗ, ಲೈನು ಹೋಗಿ ಬಂದಾಗ ಅದು ಏನು ಮಾಡುತ್ತದೆ ಎಂಬುದೇ ಮುಖ್ಯ. ಅಂತರ್ಜಾಲದಲ್ಲಿ ಸಿಗುವ ಸರ್ಕ್ಯೂಟುಗಳಲ್ಲಿ ಹೆಚ್ಚಿನವು ನಡುವಿನ ಹೊತ್ತನ್ನು ಮಾತ್ರ ನೋಡಿಕೊಳ್ಳುತ್ತವೆ.

ಉಷ್ಣತೆಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹೊಸ್ತಿಲು ಕರೆಂಟ್ ಬಿಸಿಯ ಜತೆ ಏರುತ್ತದೆ. ನಮ್ಮ ಮಾದರಿ ಡಯೋಡಿನಲ್ಲಿ 10 ಡಿಗ್ರಿಗೆ 13.5 ಶೇಕಡಾದಷ್ಟು ಎಂದಿಟ್ಟುಕೊಳ್ಳಿ. 24 ಡಿಗ್ರಿಯಲ್ಲಿ 20 ಇದ್ದದ್ದು 34ರಲ್ಲಿ 22.7 ಆಗುತ್ತದೆ. ಎಪ್ರಿಲ್ ತಿಂಗಳ ಮಧ್ಯಾಹ್ನ ಇಲ್ಲಿ ಕೂತು ಪವರ್ ಮೀಟರ್ ಹಿಡಿದು 5 ಮಿಲಿವಾಟಿಗೆ ಹೊಂದಿಸಿದಿರಿ, ಅಂದರೆ 32.7 ಮಿಲಿಆಂಪ್. ಅದೇ ಪೆಟ್ಟಿಗೆಯನ್ನು ಒಯ್ದು ಏಸಿ ಕೋಣೆಯಲ್ಲಿ ಹಾಕಿದರೆ 6.35 ಮಿಲಿವಾಟ್. ಕರೆಂಟ್ ಕೂದಲೆಳೆಯಷ್ಟೂ ಬದಲಾಗಿಲ್ಲ, ಬೆಳಕು ಮಾತ್ರ ಮಿತಿ ದಾಟಿದೆ. ನಮ್ಮ ಕರಾವಳಿಯಲ್ಲಿ ಚಳಿ ಎನ್ನುವಂಥದ್ದು ಇಲ್ಲ, ಆದರೂ ಹೀಗೆ. ಆದ್ದರಿಂದ 80 ಶೇಕಡಾಕ್ಕೆ ಹೊಂದಿಸಿ, ಬಾಕಿಯನ್ನು ಆಸೆ ಪಡಬೇಡಿ. 4 ಮಿಲಿವಾಟಿಗೂ 5 ಮಿಲಿವಾಟಿಗೂ ಇರುವ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದೇ ಕಷ್ಟ.

ಈಗ ಸರ್ಕ್ಯೂಟಿಗೆ ಬರೋಣ. ತೀರಾ ಸರಳವಾದದ್ದು ಎಲ್‌ಎಂ317, ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಮೂರು ಕಾಲಿನ ರೆಗ್ಯುಲೇಟರ್ ಐಸಿ. ಟಿವಿ ರಿಪೇರಿ ಮಾಡುವವರ ಡಬ್ಬಿಯಲ್ಲೂ ಇರುತ್ತದೆ. ಅದು ತನ್ನ ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ ಯಾವಾಗಲೂ 1.25 ವೋಲ್ಟ್ ಇರುವಂತೆ ನೋಡಿಕೊಳ್ಳುತ್ತದೆ. ಆ ಎರಡು ಕಾಲಿನ ನಡುವೆ ರೆಸಿಸ್ಟರು ಹಾಕಿ, ಅಡ್ಜಸ್ಟ್ ಕಾಲಿನಿಂದ ಡಯೋಡಿಗೆ ಕೊಟ್ಟರೆ ಕರೆಂಟ್ 1.25 ಭಾಗಿಸು ರೆಸಿಸ್ಟರು. 47 ಓಮ್ ಹಾಕಿದರೆ 26.6 ಮಿಲಿಆಂಪ್, 43 ಹಾಕಿದರೆ 29, 39 ಹಾಕಿದರೆ 32. ಅಡ್ಜಸ್ಟ್ ಕಾಲಿನಿಂದ ಹೊರಬರುವ 50 ಮೈಕ್ರೋಆಂಪನ್ನು ಇಲ್ಲಿ ಮರೆತರೂ ಅಡ್ಡಿಯಿಲ್ಲ. ಬರಹ ಕಾಣುವಂತೆ ಹಿಡಿದರೆ ಎಡದಿಂದ ಅಡ್ಜಸ್ಟ್, ಔಟ್‌ಪುಟ್, ಇನ್‌ಪುಟ್. ಹಿಂದಿನ ಲೋಹದ ತಗಡು ಔಟ್‌ಪುಟ್‌ಗೆ ಸೇರಿದೆ, ಅದನ್ನು ಪೆಟ್ಟಿಗೆಗೆ ತಾಗಿಸಬೇಡಿ.

ಇದರಲ್ಲಿ ಹೆಚ್ಚಿನವರು ಮುಗ್ಗರಿಸುವುದು ಸಪ್ಲೈ ವೋಲ್ಟೇಜಿನಲ್ಲಿ. ಡಯೋಡಿಗೆ 2.2, ರೆಸಿಸ್ಟರಿಗೆ 1.25, ಐಸಿ ತನ್ನ ಕೆಲಸಕ್ಕೆ ಇಟ್ಟುಕೊಳ್ಳುವುದು ಇನ್ನೊಂದು ಎರಡು. ಒಟ್ಟು ಐದೂವರೆ. ಯುಎಸ್‌ಬಿಯ 5 ವೋಲ್ಟ್ ಕೊಟ್ಟರೆ ಐಸಿ ನಿಯಂತ್ರಣಕ್ಕೇ ಬರುವುದಿಲ್ಲ, ಕರೆಂಟ್ ಕಡಿಮೆ ಕಾಣುತ್ತದೆ. ಆಗ ಕೈ ಸುಮ್ಮನಿರುವುದಿಲ್ಲ. ರೆಸಿಸ್ಟರು ಇಳಿಸುತ್ತಾ ಹೋಗಿ 22 ಓಮಿಗೆ ಬಂದು, ಹೇಗೋ ಬೆಳಕು ಬಂತು ಎಂದು ಬಿಟ್ಟುಬಿಡುತ್ತೀರಿ. ಇನ್ನೊಂದು ದಿನ ಯಾರೋ ಅದಕ್ಕೆ 9 ವೋಲ್ಟ್ ಅಡಾಪ್ಟರು ಚುಚ್ಚುತ್ತಾರೆ. 1.25 ಭಾಗಿಸು 22, 57 ಮಿಲಿಆಂಪ್. ಡಯೋಡು ಮುಗಿಯಿತು. ಎಲ್‌ಎಂ317 ಬಳಸುವುದಾದರೆ 9 ವೋಲ್ಟೇ ಕೊಡಿ. ಬಿಸಿಯ ಭಯ ಬೇಡ, 9ರಿಂದ 2.2 ಮತ್ತು 1.25 ಕಳೆದು 30 ಮಿಲಿಆಂಪಿನಿಂದ ಗುಣಿಸಿದರೆ ಒಂದು ವಾಟಿನ ಆರನೇ ಒಂದು ಪಾಲು ಮಾತ್ರ, ಹೀಟ್‌ಸಿಂಕ್ ಬೇಕಿಲ್ಲ. ರೆಸಿಸ್ಟರಿನ ಜಾಗದಲ್ಲಿ ಬರೀ ಪ್ರಿಸೆಟ್, ಅಂದರೆ ಸ್ಕ್ರೂ ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರು, ಹಾಕುವವರೂ ಇದ್ದಾರೆ. ಅದನ್ನು ಸೊನ್ನೆಗೆ ತಿರುಗಿಸಿದರೆ ತಡೆಯುವವರು ಯಾರೂ ಇಲ್ಲ, ಐಸಿ ಒಂದೂವರೆ ಆಂಪಿಗೂ ಮೇಲೆ ಕೊಡಲು ಸಿದ್ಧವಿರುತ್ತದೆ. ಪ್ರಿಸೆಟ್ಟಿನ ಜತೆ ಸರಣಿಯಲ್ಲಿ ಒಂದು 43 ಓಮ್ ಇರಲೇಬೇಕು.

ಪ್ರದರ್ಶನಕ್ಕೆ, ಒಂದೇ ಮಟ್ಟದಲ್ಲಿ ಉರಿಯುವ ಲೇಸರಿಗೆ ಇಷ್ಟು ಸಾಕು. ಆದರೆ ಸ್ವಿಚ್ಚು ಹಾಕಿದ ಕ್ಷಣದಲ್ಲಿ ಕರೆಂಟ್ ಹೇಗೆ ಏರಬೇಕು ಎಂಬುದರ ಮೇಲೆ ಇಲ್ಲಿ ನಮಗೆ ಹಿಡಿತವಿಲ್ಲ. ಅದು ಬೇಕೆಂದರೆ ಆಪ್‌ಆಂಪ್ ಸರ್ಕ್ಯೂಟ್ ಕಟ್ಟಬೇಕು. ಆಪ್‌ಆಂಪ್ ಎಂದರೆ ತನ್ನ ಪ್ಲಸ್, ಮೈನಸ್ ಇನ್‌ಪುಟ್ಟುಗಳನ್ನು ಹೋಲಿಸಿ, ಎರಡೂ ಸಮವಾಗುವಂತೆ ಔಟ್‌ಪುಟ್ಟನ್ನು ಏರಿಳಿಸುವ ಐಸಿ. ಹಲಗೆಯ ಮೇಲೆ ಬರೆದದ್ದನ್ನು ಒಂದೊಂದಾಗಿ ಹೇಳುತ್ತೇನೆ, ಬೇಕಾದವರು ಚಿತ್ರ ಬರೆದುಕೊಳ್ಳಿ.

9 ವೋಲ್ಟ್ ಅಡಾಪ್ಟರು ಅಥವಾ ಬ್ಯಾಟರಿಯಿಂದ ಶುರು. ಅದರ ಮುಂದೆ ತಿರುಗಾಮುರುಗಾ ಕನೆಕ್ಷನ್ನಿನ ಕಾಪಿಗೆ ಒಂದು 1ಎನ್4007 ಡಯೋಡು. ಆಮೇಲೆ 1000 ಮೈಕ್ರೋಫ್ಯಾರಡ್, 16 ವೋಲ್ಟಿನ ಕೆಪಾಸಿಟರು. ಆಮೇಲೆ 7805, ಅಂದರೆ 5 ವೋಲ್ಟ್ ಕೊಡುವ ರೆಗ್ಯುಲೇಟರ್ ಐಸಿ. ಅದರ ಎರಡೂ ಕಡೆ 0.33 ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರುಗಳನ್ನು ಕಾಲಿನ ಬುಡದಲ್ಲೇ ಹಾಕಿ. ಇಲ್ಲಿಂದ ನಮಗೆ 5 ವೋಲ್ಟ್.

ಮುಖ್ಯ ದಾರಿ ಹೀಗೆ: 5 ವೋಲ್ಟಿನಿಂದ ಲೇಸರ್ ಡಯೋಡಿನ ಆನೋಡು. ಕ್ಯಾಥೋಡಿನಿಂದ 47 ಓಮ್ ರೆಸಿಸ್ಟರು. ಅದರಿಂದ ಬಿಸಿ337 ಟ್ರಾನ್ಸಿಸ್ಟರಿನ ಕಲೆಕ್ಟರು. ಎಮಿಟರಿನಿಂದ 10 ಓಮ್, 1 ಶೇಕಡಾ ಮೆಟಲ್ ಫಿಲ್ಮ್ ರೆಸಿಸ್ಟರು. ಅದರ ಇನ್ನೊಂದು ತುದಿ ಗ್ರೌಂಡು. ಈ 10 ಓಮೇ ನಮ್ಮ ಅಳತೆಗೋಲು: 29 ಮಿಲಿಆಂಪ್ ಹರಿದರೆ ಅದರ ಮೇಲೆ 0.29 ವೋಲ್ಟ್.

ನಿಯಂತ್ರಣಕ್ಕೆ ಎಲ್‌ಎಂ358. ಒಳಗೆ ಎರಡು ಆಪ್‌ಆಂಪ್ ಇವೆ, ಒಂದು ಸಾಕು. ಬಳಸದ ಇನ್ನೊಂದರ ಔಟ್‌ಪುಟ್ಟನ್ನು ಅದರದೇ ಮೈನಸ್ ಕಾಲಿಗೆ ಜೋಡಿಸಿ ಪ್ಲಸ್ ಕಾಲನ್ನು ಗ್ರೌಂಡಿಗೆ ಕೊಡಿ. 741 ಇದೆ, ಅದನ್ನೇ ಹಾಕಬಹುದಾ ಎಂದು ಕೇಳಬೇಡಿ. 741ರ ಇನ್‌ಪುಟ್ಟು ಗ್ರೌಂಡಿನ ಹತ್ತಿರದ ವೋಲ್ಟೇಜನ್ನು ಓದುವುದಿಲ್ಲ, ನಮಗೆ ಬೇಕಾದದ್ದು ಸೊನ್ನೆಯಿಂದ 0.3. ಎಲ್‌ಎಂ358ಕ್ಕೆ ಅದು ಓದಲು ಬರುತ್ತದೆ. ಆದರೆ ಅದರ ಔಟ್‌ಪುಟ್ಟು ಸಪ್ಲೈಗಿಂತ ಒಂದೂವರೆ ವೋಲ್ಟ್ ಕೆಳಗೇ ನಿಲ್ಲುತ್ತದೆ, 5ರಲ್ಲಿ 3.5. ನಾನು ಮಾಸ್‌ಫೆಟ್ ಎಂಬ ಇನ್ನೊಂದು ಜಾತಿಯ ಟ್ರಾನ್ಸಿಸ್ಟರನ್ನು ಬಿಟ್ಟು ಬಿಸಿ337 ಹಾಕಿದ್ದು ಇದಕ್ಕೇ. 2ಎನ್7000 ಎಂಬ ಮಾಸ್‌ಫೆಟ್ಟಿಗೆ ಗೇಟಿನಲ್ಲಿ 3 ವೋಲ್ಟಿನ ತನಕವೂ ಬೇಕಾಗಬಹುದು, ಕೆಲವು ತುಂಡುಗಳಲ್ಲಿ ಸಾಲದೆ ಬರುತ್ತದೆ. ಟ್ರಾನ್ಸಿಸ್ಟರಿನ ಬೇಸಿಗೆ 1 ವೋಲ್ಟ್ ಸಾಕು.

ಆಪ್‌ಆಂಪಿನ ಔಟ್‌ಪುಟ್ಟಿನಿಂದ 1 ಕಿಲೋಓಮ್ ಮೂಲಕ ಬೇಸಿಗೆ. ಎಮಿಟರಿನಿಂದ 10 ಕಿಲೋಓಮ್ ಮೂಲಕ ಮೈನಸ್ ಇನ್‌ಪುಟ್ಟಿಗೆ. ಔಟ್‌ಪುಟ್ಟಿನಿಂದ ನೇರ ಮೈನಸ್ ಇನ್‌ಪುಟ್ಟಿಗೆ 1 ನ್ಯಾನೋಫ್ಯಾರಡ್. ಈ ಕೊನೆಯ ಎರಡನ್ನು ಬಿಟ್ಟರೂ ಮೀಟರಿನಲ್ಲಿ ಎಲ್ಲ ಸರಿಯಾಗಿಯೇ ಕಾಣಬಹುದು, ಆದರೆ ಡಯೋಡಿಗೆ ಹೋಗುವ ವಯರು ಉದ್ದವಾದರೆ ಸರ್ಕ್ಯೂಟು ಕಂಪಿಸಲು ತೊಡಗಬಹುದು. ಮೀಟರು ಸರಾಸರಿ 29 ತೋರಿಸುತ್ತಿರುವಾಗ ನಿಜವಾದ ಕರೆಂಟ್ 10ಕ್ಕೂ 50ಕ್ಕೂ ನಡುವೆ ಏರಿಳಿಯುತ್ತಿರಬಹುದು.

ಎಷ್ಟು ಕರೆಂಟ್ ಎಂದು ಹೇಳುವುದು ರೆಫರೆನ್ಸ್. ಅದಕ್ಕೆ ಟಿಎಲ್431. ಹಳೇ ಚಾರ್ಜರು, ಹಳೇ ಕಂಪ್ಯೂಟರ್ ಸಪ್ಲೈಗಳಲ್ಲಿ ಬೇಕಾದಷ್ಟು ಸಿಗುತ್ತದೆ. 5 ವೋಲ್ಟಿನಿಂದ 1 ಕಿಲೋಓಮ್ ಮೂಲಕ ಕ್ಯಾಥೋಡಿಗೆ, ರೆಫ್ ಕಾಲನ್ನು ಕ್ಯಾಥೋಡಿಗೇ ಜೋಡಿಸಿ, ಆನೋಡು ಗ್ರೌಂಡಿಗೆ. 2.5 ವೋಲ್ಟ್ ನಿಲ್ಲುತ್ತದೆ. ಅದರಿಂದ 68 ಕಿಲೋಓಮ್, ಆಮೇಲೆ ಹಲವು ಸುತ್ತು ತಿರುಗುವ 10 ಕಿಲೋಓಮಿನ ಪ್ರಿಸೆಟ್, ಅದರ ಕೆಳತುದಿ ಗ್ರೌಂಡಿಗೆ. ಪ್ರಿಸೆಟ್ಟಿನ ನಡುಕಾಲಿನಿಂದ ಆಪ್‌ಆಂಪಿನ ಪ್ಲಸ್ ಇನ್‌ಪುಟ್ಟಿಗೆ. ಅದೇ ನಡುಕಾಲಿನಿಂದ ಗ್ರೌಂಡಿಗೆ ಒಂದು 10 ಮೈಕ್ರೋಫ್ಯಾರಡ್ ಮತ್ತು ಒಂದು 100 ಕಿಲೋಓಮ್.

ಇಲ್ಲಿ ಸ್ವಲ್ಪ ನಿಲ್ಲೋಣ, ಈ ಮೂಲೆಯಲ್ಲೇ ಹೆಚ್ಚಿನ ಯೋಚನೆ ಅಡಗಿದೆ. 68 ಕಿಲೋಓಮ್ ಇರುವುದರಿಂದ ಪ್ರಿಸೆಟ್ಟನ್ನು ಎಷ್ಟು ತಿರುಗಿಸಿದರೂ 0.294 ವೋಲ್ಟಿಗಿಂತ ಮೇಲೆ ಹೋಗುವುದಿಲ್ಲ, ಅಂದರೆ 29.4 ಮಿಲಿಆಂಪ್. ತರಗತಿಯಲ್ಲಿ ಹುಡುಗರು ಸ್ಕ್ರೂಡ್ರೈವರ್ ಹಾಕಿ ತಿರುಗಿಸಿಯೇ ತಿರುಗಿಸುತ್ತಾರೆ, ತಿರುಗಿಸಲಿ. 10 ಮೈಕ್ರೋಫ್ಯಾರಡ್ ತುಂಬಲು ಹತ್ತನೇ ಒಂದು ಸೆಕೆಂಡಿನಷ್ಟು ಹೊತ್ತು ಬೇಕು, ಹಾಗಾಗಿ ಸ್ವಿಚ್ಚು ಹಾಕಿದಾಗ ಕರೆಂಟ್ ಸೊನ್ನೆಯಿಂದ ನಿಧಾನ ಏರುತ್ತದೆ. ಇನ್ನು ಆ 100 ಕಿಲೋಓಮ್. ಅದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಕುಂಬಳೆ, ಮೊಗ್ರಾಲ್ ಕಡೆ ಕಡಲಿನ ಹತ್ತಿರ ಇರುವವರಿಗೆ ಗೊತ್ತು, ಒಂದೆರಡು ಮಳೆಗಾಲ ಕಳೆದರೆ ಪ್ರಿಸೆಟ್ಟಿನ ಒಳಗಿನ ನಾಲಗೆ ಕಿಲುಬು ಹಿಡಿಯುತ್ತದೆ. ನಾಲಗೆ ತಾಗದೆ ಹೋದರೆ ಪ್ಲಸ್ ಇನ್‌ಪುಟ್ಟು ಎಲ್ಲಿಗೂ ಸೇರದೆ ತೂಗಾಡುತ್ತದೆ. ಎಲ್‌ಎಂ358ರ ಇನ್‌ಪುಟ್ಟಿನಿಂದ ಸುಮಾರು 45 ನ್ಯಾನೋಆಂಪ್ ಹೊರಕ್ಕೆ ಸೋರುತ್ತದೆ. ಅದು ಆ 10 ಮೈಕ್ರೋಫ್ಯಾರಡನ್ನು ಸೆಕೆಂಡಿಗೆ ನಾಲ್ಕೂವರೆ ಮಿಲಿವೋಲ್ಟಿನಂತೆ ತುಂಬುತ್ತಾ ಹೋಗುತ್ತದೆ. ಒಂದು ನಿಮಿಷದಲ್ಲಿ 0.27 ವೋಲ್ಟ್, ಆಮೇಲೂ ನಿಲ್ಲುವುದಿಲ್ಲ. ಯಾರೂ ಮುಟ್ಟದೆ, ತನ್ನಷ್ಟಕ್ಕೆ ಕರೆಂಟ್ ಏರಿ ಡಯೋಡು ಸಾಯುತ್ತದೆ. 100 ಕಿಲೋಓಮ್ ಇದ್ದರೆ ಅದೇ ಸೋರಿಕೆ 4.5 ಮಿಲಿವೋಲ್ಟಿಗೆ ನಿಂತುಬಿಡುತ್ತದೆ, ಅರ್ಧ ಮಿಲಿಆಂಪ್.

47 ಓಮ್ ಯಾಕೆ? ಡಯೋಡಿನ ವಯರು ಲೂಸಾಯಿತು ಎಂದಿಟ್ಟುಕೊಳ್ಳಿ. ಕರೆಂಟ್ ಸೊನ್ನೆ. ಆಪ್‌ಆಂಪ್ ನೋಡುತ್ತದೆ: 0.29 ಬೇಕು, ಸೊನ್ನೆ ಇದೆ. ತನ್ನ ಔಟ್‌ಪುಟ್ಟನ್ನು ಏರಿಸುತ್ತಾ 3.5ಕ್ಕೆ ಹೋಗಿ ನಿಲ್ಲುತ್ತದೆ, ಟ್ರಾನ್ಸಿಸ್ಟರು ಪೂರ್ತಿ ತೆರೆದು ಕಾಯುತ್ತದೆ. ಆಗ ವಯರು ಮತ್ತೆ ತಾಗಿದರೆ? ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಂಡ ಬಾಗಿಲನ್ನು ನೀವು ಭುಜ ಕೊಟ್ಟು ತಳ್ಳುತ್ತಿರುವಾಗ ಒಳಗಿನಿಂದ ಯಾರೋ ತೆರೆದಂತೆ. ಎಲ್‌ಎಂ358 ನಿಧಾನದ ಐಸಿ, ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟಿನಷ್ಟೂ ಇಳಿಯಲಾರದು. ಅದು ಕೆಳಗೆ ಬರುವ ಹತ್ತಾರು ಮೈಕ್ರೋಸೆಕೆಂಡು ಡಯೋಡಿನಲ್ಲಿ ಹರಿಯುವುದನ್ನು ತಡೆಯುವುದು ದಾರಿಯಲ್ಲಿರುವ ರೆಸಿಸ್ಟರುಗಳು ಮಾತ್ರ. 47 ಓಮ್ ಇಲ್ಲದಿದ್ದರೆ ಸುಮಾರು 190 ಮಿಲಿಆಂಪ್. ಇದ್ದರೆ 46. 46 ಕೂಡ ನಮ್ಮ ಡಯೋಡಿಗೆ ಹೆಚ್ಚೇ, ಆದರೆ 190ರಲ್ಲಿ ಬದುಕುವ ಆಸೆಯೇ ಇಲ್ಲ. ಇನ್ನೂ ದೊಡ್ಡ ರೆಸಿಸ್ಟರು ಹಾಕಿದರೆ ಟ್ರಾನ್ಸಿಸ್ಟರಿಗೆ ಜಾಗ ಉಳಿಯುವುದಿಲ್ಲ. ಡಯೋಡಿಗೆ 2.2, 47 ಓಮಿಗೆ 1.4, ಅಳತೆ ರೆಸಿಸ್ಟರಿಗೆ 0.3 ಹೋದರೆ 5ರಲ್ಲಿ 1.1 ಉಳಿಯುತ್ತದೆ. ಕೆಲವು ಡಯೋಡುಗಳು 2.6 ಕೇಳುತ್ತವೆ, ಆಗ 0.7. ಅದಕ್ಕಿಂತ ಕೆಳಗೆ ಹೋಗುವುದು ಬೇಡ.

ಇದರಿಂದ ಬರುವ ನಿಯಮ: ಡಯೋಡಿಗೂ ಬೋರ್ಡಿಗೂ ನಡುವೆ ಪ್ಲಗ್ಗು, ಬ್ರೆಡ್‌ಬೋರ್ಡು, ಜಂಪರ್ ವಯರು ಯಾವುದೂ ಇರಬಾರದು. ಬೆಸುಗೆ ಹಾಕಿ. ಉಳಿದ ಸರ್ಕ್ಯೂಟನ್ನು ಬ್ರೆಡ್‌ಬೋರ್ಡಿನಲ್ಲಿ ಪ್ರಯೋಗ ಮಾಡಿದರೆ ನನ್ನ ತಕರಾರಿಲ್ಲ, ಆದರೆ ಡಯೋಡು ಕೂರುವ ದಿನ ಅದು ಜೀರೋ ಪಿಸಿಬಿಯ, ಅಂದರೆ ಬೆಸುಗೆ ಹಾಕುವ ತೂತುಗಳ ಸಾದಾ ಬೋರ್ಡಿನ, ಮೇಲಿರಬೇಕು.

ಕೆಲವರು ಡಯೋಡಿಗೆ ಅಡ್ಡವಾಗಿ ದೊಡ್ಡ ಕೆಪಾಸಿಟರು ಹಾಕಿ ರಕ್ಷಣೆ ಎನ್ನುತ್ತಾರೆ. ವಯರು ಲೂಸಾದಾಗ ಆ ಕೆಪಾಸಿಟರು ಸಪ್ಲೈಯಷ್ಟಕ್ಕೇ ತುಂಬಿ ಕೂತಿರುತ್ತದೆ, ತಾಗಿದ ಕೂಡಲೇ ಇದ್ದದ್ದೆಲ್ಲವನ್ನೂ ಡಯೋಡಿನೊಳಗೆ ಸುರಿಯುತ್ತದೆ. ಹಾಕುವುದಿದ್ದರೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್, ಅದೂ ಡಯೋಡಿನ ಕಾಲಿನ ಬುಡದಲ್ಲೇ. ಅದರ ಪಕ್ಕದಲ್ಲಿ ತಿರುಗಿಸಿ ಇಟ್ಟ ಒಂದು 1ಎನ್4148 ಡಯೋಡು. ಲೇಸರ್ ಡಯೋಡು ಹಿಮ್ಮುಖವಾಗಿ ತಾಳಿಕೊಳ್ಳುವುದು ಸಾಮಾನ್ಯವಾಗಿ 2 ವೋಲ್ಟ್ ಮಾತ್ರ, 1ಎನ್4148 ಅದನ್ನು ಒಂದು ವೋಲ್ಟಿನ ಒಳಗೆ ಹಿಡಿಯುತ್ತದೆ.

ಲೈನು ಹೋಗುವ ವಿಷಯ. ನಮ್ಮಲ್ಲಿ ಜೂನ್ ಬಂತೆಂದರೆ ಕಂಬಿಯ ಮೇಲೆ ತೆಂಗಿನ ಮಡಲು ಬೀಳುವುದು, ಇನ್ವರ್ಟರು ಹಿಡಿದುಕೊಳ್ಳುವುದು ದಿನದ ಪಾಡು. ಯುಪಿಎಸ್ ಮೋಡಿನಲ್ಲಿರುವ ಇನ್ವರ್ಟರಿಗೆ ಬದಲಾಗಲು 10ರಿಂದ 20 ಮಿಲಿಸೆಕೆಂಡು ಬೇಕು, ಸಾದಾ ಮೋಡಿನಲ್ಲಿ ಇನ್ನೂ ಹೆಚ್ಚು. ನಮ್ಮ ಸರ್ಕ್ಯೂಟು ಒಟ್ಟು 40 ಮಿಲಿಆಂಪ್ ಎಳೆಯುತ್ತದೆ. 1000 ಮೈಕ್ರೋಫ್ಯಾರಡ್ ಕೆಪಾಸಿಟರು 1 ವೋಲ್ಟ್ ಇಳಿಯಲು 25 ಮಿಲಿಸೆಕೆಂಡು. 7805ಕ್ಕೆ ಮೇಲಿನಿಂದ 7 ವೋಲ್ಟ್ ಇದ್ದರೆ ಸಾಕು, ಹಾಗಾಗಿ 20 ಮಿಲಿಸೆಕೆಂಡಿನ ಕಡಿತ ಡಯೋಡಿಗೆ ಗೊತ್ತೇ ಆಗುವುದಿಲ್ಲ. ಹೆಚ್ಚು ಹೊತ್ತು ಹೋದರೂ ವೋಲ್ಟೇಜು ನಿಧಾನ ಇಳಿದು ನಿಧಾನ ಏರುತ್ತದೆ, ಆಪ್‌ಆಂಪಿಗೆ ಅದರ ಹಿಂದೆ ಓಡಲು ಸಮಯ ಸಿಗುತ್ತದೆ. ಎಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ತಿಂಗಳ ಸಿಡಿಲಿಗೆ ಮಾತ್ರ ಯಾವ ಕೆಪಾಸಿಟರೂ ಮದ್ದಲ್ಲ. ಆಗ ಬ್ಯಾಟರಿ ಹಾಕಿ.

ಬೆಸುಗೆ ಹಾಕುವಾಗಿನ ಅನಾಹುತ. ಎರಡು ಪಿನ್ನಿನ 25 ವಾಟ್ ಸೋಲ್ಡರಿಂಗ್ ಐರನ್ನಿಗೆ ಅರ್ತ್ ಇಲ್ಲ. ತುದಿಯನ್ನು ಟೆಸ್ಟರಿನಿಂದ ಮುಟ್ಟಿದರೆ ಮಿಣುಕುವುದನ್ನು ನೀವು ನೋಡಿರಬಹುದು, ಆ ಸೋರಿಕೆ ಡಯೋಡಿನ ಮೂಲಕ ಹೋಗುತ್ತದೆ. ಮೂರು ಪಿನ್ನಿನದು ಇಲ್ಲದಿದ್ದರೆ ಐರನ್ ಚೆನ್ನಾಗಿ ಕಾದ ಮೇಲೆ ಪ್ಲಗ್ಗು ಕಿತ್ತು, ಆಮೇಲೆ ಡಯೋಡಿನ ಕಾಲು ಮುಟ್ಟಿ. ಒಂದು ಕಾಲಿಗೆ ಮೂರು ಸೆಕೆಂಡು ಸಾಕು. ಬೆಸುಗೆ ಹಾಕುವ ಮೊದಲು ಡಯೋಡಿನ ಕಾಲುಗಳಿಗೆ ತೆಳ್ಳಗಿನ ತಾಮ್ರದ ತಂತಿ ಸುತ್ತಿ ಎಲ್ಲವನ್ನೂ ಒಂದಕ್ಕೊಂದು ಶಾರ್ಟ್ ಮಾಡಿಡಿ. ಮಳೆಗಾಲದಲ್ಲಿ ಗಾಳಿಯ ತೇವದಿಂದ ಸ್ಥಿರವಿದ್ಯುತ್ತಿನ ಕಾಟ ಕಡಿಮೆ, ಇಲ್ಲವೆಂದಲ್ಲ. ಜನವರಿಯಲ್ಲಿ ಮೂಡಣ ಗಾಳಿ ಬೀಸುವಾಗ, ಪೆರ್ಲ, ಮುಳ್ಳೇರಿಯ ಕಡೆಯ ಒಳನಾಡಿನಲ್ಲಿ, ಪಾಲಿಯೆಸ್ಟರ್ ಅಂಗಿ ಹಾಕಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಡಯೋಡು ಹಿಡಿದರೆ ಸಾಕು. ಚಟ್ ಎಂದು ನಿಮಗೆ ಅನಿಸದಿದ್ದರೂ ಡಯೋಡಿಗೆ ಪೆಟ್ಟಾಗಿರುತ್ತದೆ. ಒಂದು ಮೆಗಾಓಮ್ ರೆಸಿಸ್ಟರಿರುವ ಮಣಿಕಟ್ಟಿನ ಪಟ್ಟಿ ಅಗ್ಗಕ್ಕೆ ಸಿಗುತ್ತದೆ, ಹಾಕಿಕೊಳ್ಳಿ.

ಡಯೋಡು ಕೂರಿಸುವ ಮೊದಲು ಸುಳ್ಳು ಡಯೋಡು. ಮೂರು 1ಎನ್4007ಗಳನ್ನು ಸಾಲಾಗಿ ಜೋಡಿಸಿದರೆ 30 ಮಿಲಿಆಂಪಿನಲ್ಲಿ 2.2 ವೋಲ್ಟಿನ ಆಸುಪಾಸು ಬರುತ್ತದೆ, ಲೇಸರ್ ಡಯೋಡಿನಂತೆಯೇ. ಅದನ್ನು ಹಾಕಿ ಎಲ್ಲ ಪರೀಕ್ಷೆ ಮಾಡಿ. ಟಿಎಲ್431ರ ಮೇಲೆ 2.5 ಇದೆಯೇ? ಪ್ರಿಸೆಟ್ಟು ಕೆಳತುದಿಯಲ್ಲಿದ್ದಾಗ 10 ಓಮಿನ ಮೇಲೆ ಸೊನ್ನೆಯ ಹತ್ತಿರ ಇದೆಯೇ? ಎಲ್‌ಎಂ358ರಲ್ಲಿ ಕೆಲವು ಮಿಲಿವೋಲ್ಟಿನ ದೋಷ ಹುಟ್ಟಿನಿಂದಲೇ ಇರುತ್ತದೆ, 7 ಮಿಲಿವೋಲ್ಟಿನ ತನಕ ಸಹಿಸಿಕೊಳ್ಳಿ. ಮೇಲ್ತುದಿಯಲ್ಲಿ 0.29 ಬರುತ್ತದೆಯೇ? 0.29 ಬದಲು 0.2ಕ್ಕೇ ನಿಂತರೆ ಸಪ್ಲೈ ಸಾಲುತ್ತಿಲ್ಲ ಅಥವಾ ಟ್ರಾನ್ಸಿಸ್ಟರಿನ ಕಾಲು ಅದಲುಬದಲಾಗಿದೆ. 3.5 ವೋಲ್ಟಿಗೆ ಏರಿದ ಔಟ್‌ಪುಟ್ಟು ಅದನ್ನು ಹೇಳಿಬಿಡುತ್ತದೆ. ಕರೆಂಟನ್ನು ಯಾವಾಗಲೂ ಈ 10 ಓಮಿನ ಮೇಲಿನ ವೋಲ್ಟೇಜಿನಿಂದಲೇ ಓದಿ. ಹಳದಿ ಮೀಟರನ್ನು ಮಿಲಿಆಂಪಿಗೆ ತಿರುಗಿಸಿ ಸರಣಿಯಲ್ಲಿ ಹಾಕಬೇಡಿ. ರೇಂಜು ಬದಲಿಸುವ ಕ್ಷಣ ದಾರಿ ಕಡಿಯುತ್ತದೆ, ಆಮೇಲೆ ಏನಾಗುತ್ತದೆಂದು ಈಗಷ್ಟೇ ಹೇಳಿದೆ.

ಕಾಲೇಜಿನಲ್ಲಿ ಆಸಿಲೋಸ್ಕೋಪ್ ಇರುವವರು 10 ಓಮಿನ ಮೇಲೆ ಪ್ರೋಬ್ ಇಟ್ಟು, ಒಂದೇ ಸಲ ಹಿಡಿಯುವ ಟ್ರಿಗರ್ ಹಾಕಿ, ಸ್ವಿಚ್ಚು ಹಾಕಿ ತೆಗೆದು ನೋಡಿ. 0.29ಕ್ಕಿಂತ ಮೇಲೆ ಒಂದು ಮೊಳಕೆಯೂ ಏಳಬಾರದು. ಆಮೇಲೆ ಬೇಕೆಂದೇ ಸುಳ್ಳು ಡಯೋಡನ್ನು ಎಳೆದು ತಾಗಿಸಿ ನೋಡಿ, ಆ 46 ಮಿಲಿಆಂಪಿನ ಮುಳ್ಳು ಪರದೆಯ ಮೇಲೆ ಕಾಣುತ್ತದೆ. ಸ್ಕೋಪಿನ ಕಪ್ಪು ಕ್ಲಿಪ್ಪು ಗೋಡೆಯ ಅರ್ತಿಗೆ ಸೇರಿರುತ್ತದೆ ಎಂಬುದು ನೆನಪಿರಲಿ. ಅದನ್ನು ಸರ್ಕ್ಯೂಟಿನ ಗ್ರೌಂಡಿಗಲ್ಲದೆ ಬೇರೆಲ್ಲಿಗೂ ತಾಗಿಸಬೇಡಿ. ಸರ್ಕ್ಯೂಟನ್ನು ಬ್ಯಾಟರಿಯಲ್ಲಿ ಓಡಿಸಿದರೆ ನಿಶ್ಚಿಂತೆ.

ನಿಜವಾದ ಡಯೋಡು ಹಾಕುವ ಕ್ರಮ: ಪವರ್ ತೆಗೆಯಿರಿ, 1000 ಮೈಕ್ರೋಫ್ಯಾರಡ್ ಖಾಲಿಯಾಗಲು ಅರ್ಧ ನಿಮಿಷ ಬಿಡಿ, ಪ್ರಿಸೆಟ್ಟನ್ನು ಕೆಳತುದಿಗೆ ಇಳಿಸಿ. ತಂತಿ ಸುತ್ತಿದ ಡಯೋಡನ್ನು ಬೆಸುಗೆ ಹಾಕಿ, ತಣಿದ ಮೇಲೆ ತಂತಿ ಬಿಚ್ಚಿ. ಪವರ್ ಕೊಟ್ಟು ನಿಧಾನ ತಿರುಗಿಸಿ. ಎದುರಿಗೆ ಬಿಳಿ ಕಾಗದ ಇರಲಿ. 15ರಲ್ಲಿ ಮಂಕು, 20ರ ಹತ್ತಿರ ಕಾಗದದ ಮೇಲೆ ಕಾಳುಕಾಳಾದ ಮಿನುಗು ಕಾಣತೊಡಗುತ್ತದೆ, ಅದೇ ಹೊಸ್ತಿಲು. ಆ ಅಂಕೆಯನ್ನು ಪೆಟ್ಟಿಗೆಯ ಮೇಲೆ ಬರೆದಿಡಿ. ಹೊಸ್ತಿಲಿನಿಂದ 8 ಮಿಲಿಆಂಪ್ ಮೇಲೆ ನಿಲ್ಲಿಸಿದರೆ 4 ಮಿಲಿವಾಟ್. ಕೆಲವು ತಿಂಗಳ ಮೇಲೆ ಇದೇ ಉಷ್ಣತೆಯಲ್ಲಿ ಹೊಸ್ತಿಲು 20ರಿಂದ 24ಕ್ಕೆ ಏರಿದ್ದರೆ ಡಯೋಡಿಗೆ ಎಲ್ಲೋ ಪೆಟ್ಟಾಗಿದೆ ಎಂದರ್ಥ. ಡಯೋಡಿನ ಕವಚವನ್ನು ಹಿತ್ತಾಳೆ ಅಥವಾ ಅಲ್ಯೂಮಿನಿಯಂ ತುಂಡಿನಲ್ಲಿ ಬಿಗಿಯಾಗಿ ಕೂರಿಸಿ, ಗಾಳಿಯಲ್ಲಿ ನೇತುಬಿಟ್ಟು ಉರಿಸಬೇಡಿ.

ಕವಚದ ಬಗ್ಗೆ ಒಂದು ಎಚ್ಚರಿಕೆ. ಮೂರು ಕಾಲಿನ ಡಯೋಡಿನಲ್ಲಿ ಒಂದು ಕಾಲು ಕವಚಕ್ಕೆ ಸೇರಿರುತ್ತದೆ. ಕೆಲವದರಲ್ಲಿ ಅದು ಲೇಸರಿನ ಆನೋಡು, ಕೆಲವದರಲ್ಲಿ ಕ್ಯಾಥೋಡು. ನೋಡಿದರೆ ಗೊತ್ತಾಗುವುದಿಲ್ಲ, ಡೇಟಾಶೀಟ್, ಅಂದರೆ ಕಂಪೆನಿಯ ವಿವರ ಪತ್ರ, ತೆರೆಯಲೇಬೇಕು. ನಮ್ಮ ಸರ್ಕ್ಯೂಟಿನಲ್ಲಿ ಆನೋಡು 5 ವೋಲ್ಟಿನಲ್ಲಿದೆ, ಕ್ಯಾಥೋಡು ಗ್ರೌಂಡಿನಲ್ಲಿಲ್ಲ. ಎರಡರಲ್ಲಿ ಯಾವುದಾದರೂ ಹಿತ್ತಾಳೆ ತುಂಡಿನ ಮೂಲಕ ಲೋಹದ ಪೆಟ್ಟಿಗೆಗೆ, ಅಲ್ಲಿಂದ ಗ್ರೌಂಡಿಗೆ ತಾಗಿದರೆ ಕೆಲಸ ಕೆಡುತ್ತದೆ. ಕ್ಯಾಥೋಡು ತಾಗಿದರಂತೂ 5 ವೋಲ್ಟ್ ಪೂರ್ತಿ ಡಯೋಡಿನ ಮೇಲೆ, ಡ್ರೈವರು ಪಕ್ಕದಲ್ಲಿ ನಿಂತು ನೋಡುತ್ತಿರುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆಯೇ ಒಳ್ಳೆಯದು.

ಆ ಮೂರನೇ ಕಾಲು ಯಾಕೆ ಎಂದು ಯಾರೋ ಆಗಲೇ ಕೇಳಿದರು. ಒಳಗೊಂದು ಫೋಟೋಡಯೋಡ್ ಇದೆ, ಲೇಸರಿನ ಹಿಂಬದಿಯ ಬೆಳಕನ್ನು ನೋಡಿ 5 ಮಿಲಿವಾಟಿಗೆ 0.1, 0.2 ಮಿಲಿಆಂಪಿನಷ್ಟು ಕೊಡುತ್ತದೆ. ಅದನ್ನು ಹಿಡಿದು ಕರೆಂಟಿನ ಬದಲು ಬೆಳಕನ್ನೇ ಸ್ಥಿರವಾಗಿಡಬಹುದು, ಉಷ್ಣತೆಯ ತಾಪತ್ರಯ ತಪ್ಪುತ್ತದೆ. ಆದರೆ ಆ ಒಂದು ವಯರು ಬಿಟ್ಟರೆ ಡ್ರೈವರು ಬೆಳಕೇ ಇಲ್ಲ ಎಂದುಕೊಂಡು ಕರೆಂಟನ್ನು ಏರಿಸುತ್ತಲೇ ಹೋಗುತ್ತದೆ. ಅದನ್ನು ಕಟ್ಟುವವರು ಮೊದಲು ಇವತ್ತಿನ ಸರ್ಕ್ಯೂಟ್ ಕಟ್ಟಿ, ಅದನ್ನೇ ಮೇಲ್ಮಿತಿಯಾಗಿ ಉಳಿಸಿಕೊಂಡು, ಅದರ ಮೇಲೆ ಇದನ್ನು ಸೇರಿಸಿ.

ಕಣ್ಣಿನ ವಿಷಯ. 1 ಮಿಲಿವಾಟಿನ ತನಕದ ಕಾಣುವ ಲೇಸರಿಗೆ ರೆಪ್ಪೆ ಮುಚ್ಚುವ ಕಾಲು ಸೆಕೆಂಡು ಕಾಪು ಎನ್ನುತ್ತಾರೆ. 5 ಮಿಲಿವಾಟಿಗೆ ಆ ಮಾತು ನಡೆಯುವುದಿಲ್ಲ. ಕಿರಣ ಮೇಜಿನ ಮಟ್ಟದಲ್ಲೇ ಹೋಗಿ ಕಪ್ಪು ಕಾಗದಕ್ಕೆ ಬಡಿದು ನಿಲ್ಲಲಿ, ಕೂತ ಮಕ್ಕಳ ಕಣ್ಣಿನ ಎತ್ತರದಲ್ಲಿ ಬೇಡ. ಡಿವಿಡಿ ರೈಟರಿನಿಂದ ಕಿತ್ತ ಡಯೋಡು 100 ಮಿಲಿವಾಟಿಗೂ ಮೇಲೆ ಕೊಡಬಲ್ಲದು, ಅದು ಗೋಡೆಯಿಂದ ಚದರಿ ಬಂದ ಬೆಳಕನ್ನೂ ದಿಟ್ಟಿಸಬಾರದ ಜಾತಿ. ಅದಕ್ಕೆ ತಕ್ಕ ಕನ್ನಡಕ ಇಲ್ಲದವರು ಆ ಗೋಜಿಗೆ ಹೋಗಬೇಡಿ. 808, 980 ನ್ಯಾನೋಮೀಟರಿನ ಇನ್ಫ್ರಾರೆಡ್ ಡಯೋಡುಗಳು ಇನ್ನೂ ಕೆಟ್ಟವು, ಕಣ್ಣಿಗೆ ಹೆಚ್ಚುಕಡಿಮೆ ಏನೂ ಕಾಣದ ಕಾರಣ ರೆಪ್ಪೆ ಮುಚ್ಚುವುದೇ ಇಲ್ಲ. ಜಾತ್ರೆಯಲ್ಲಿ ಮಾರುವ ಹಸಿರು ಲೇಸರಿನ ಒಳಗೂ 808ರ ಡಯೋಡೇ ಇದೆ. ಅದರಿಂದ 1064, ಅದನ್ನು ಅರ್ಧ ಮಾಡಿ 532ರ ಹಸಿರು ಬರುತ್ತದೆ. ಅಗ್ಗದವುಗಳಲ್ಲಿ ಇನ್ಫ್ರಾರೆಡ್ ತಡೆಯುವ ಫಿಲ್ಟರನ್ನು ಹಾಕದೆ ಬಿಟ್ಟಿರುವುದುಂಟು.

ನೇರಳೆ, 405 ನ್ಯಾನೋಮೀಟರಿನ ಡಯೋಡಿಗೆ ಇದೇ ಸರ್ಕ್ಯೂಟು ಬರುತ್ತದೆಯೇ? ಹೀಗೆಯೇ ಬರುವುದಿಲ್ಲ. ಅದು ನಾಲ್ಕೂವರೆ, ಐದು ವೋಲ್ಟ್ ಕೇಳುತ್ತದೆ. 7805ರ ಜಾಗಕ್ಕೆ 7808 ಹಾಕಿ, ಅಡಾಪ್ಟರನ್ನು 12 ವೋಲ್ಟಿಗೆ ಏರಿಸಿ, ಮುಂದಿನ ಕೆಪಾಸಿಟರು 25 ವೋಲ್ಟಿನದಾಗಲಿ. ಟಿಎಲ್431ಕ್ಕೆ ಹೋಗುವ 1 ಕಿಲೋಓಮನ್ನು 2.2 ಮಾಡಿ. 68 ಕಿಲೋಓಮಿನ ಬೆಲೆಯನ್ನು ಮಾತ್ರ ನಿಮ್ಮ ಕೈಲಿರುವ ಡಯೋಡಿನ ಡೇಟಾಶೀಟ್ ನೋಡಿ ಹೊಸದಾಗಿ ಲೆಕ್ಕ ಹಾಕಿ.